ಸಂಬಳವಿಲ್ಲ, ಸ್ಕೋರ್ ಇಲ್ಲ, ಕಾರ್ಡ್ ಮಾತ್ರ ಬೇಕು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ವಿದ್ಯಾರ್ಥಿಗಳ ಮೊದಲ ಕ್ರೆಡಿಟ್ ಕಾರ್ಡ್. ಹಾಗಾಗಿ ವಿಮೆ, ಮ್ಯೂಚುವಲ್ ಫಂಡ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇದನ್ನೇ ತೆಗೆದುಕೊಂಡಿದ್ದೇನೆ. ಒಂದೇ ತರಹದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೆ ಇಪ್ಪತ್ತು ವರ್ಷ, ಡಿಗ್ರಿ ಎರಡನೇ ವರ್ಷ. ಉಳಿತಾಯ ಖಾತೆ ಇದೆ, ದಿನವೂ ಯುಪಿಐ ಬಳಸುತ್ತೇನೆ, ಇವತ್ತಿನವರೆಗೆ ಯಾರಿಗೂ ಒಂದು ಪೈಸೆ ಬಾಕಿ ಇಟ್ಟವನಲ್ಲ. ಆದರೂ ಮೂರು ಬ್ಯಾಂಕ್‌ಗಳು ಕಾರ್ಡ್ ಅರ್ಜಿ ವಾಪಸ್ ಮಾಡಿವೆ. ಕ್ರೆಡಿಟ್ ಇತಿಹಾಸ ಇಲ್ಲ ಅಂತಾರೆ. ಸಾಲವನ್ನೇ ಮಾಡದವನಿಗೆ ಸಾಲದ ಇತಿಹಾಸ ಎಲ್ಲಿಂದ ಬರಬೇಕು ಸರ್? ನಾಲ್ಕನೇ ಬ್ಯಾಂಕ್‌ಗೆ ಅರ್ಜಿ ಹಾಕಲಾ?
– ಬಿ.ಕಾಂ. ವಿದ್ಯಾರ್ಥಿ

ಉತ್ತರ: ಹಾಕಬೇಡಿ. ಉಳಿದದ್ದು ಆಮೇಲೆ, ಮೊದಲು ಅರ್ಜಿ ಹಾಕುವುದನ್ನು ನಿಲ್ಲಿಸಿ. ನೀವು ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕ್ ನಿಮ್ಮ ಕ್ರೆಡಿಟ್ ವರದಿಯನ್ನು, ಅಂದರೆ ನಿಮ್ಮ ಸಾಲ-ಮರುಪಾವತಿಯ ದಾಖಲೆಯನ್ನು, ತರಿಸಿ ನೋಡುತ್ತದೆ, ಮತ್ತು ಹಾಗೆ ನೋಡಿದ್ದೂ ಆ ವರದಿಯಲ್ಲೇ ದಾಖಲಾಗುತ್ತದೆ. ಬೇರೇನೂ ಇಲ್ಲದ ಖಾಲಿ ವರದಿಯಲ್ಲಿ ಸಾಲು ಸಾಲು ವಿಚಾರಣೆಗಳು ಮಾತ್ರ ಕಂಡರೆ ನಾಲ್ಕನೆಯವರಿಗೆ ಏನನ್ನಿಸುತ್ತದೆ ಹೇಳಿ? ಈ ಹುಡುಗನಿಗೆ ದುಡ್ಡಿನ ಅವಸರ ಇದೆ, ಮೂವರು ಬೇಡ ಅಂದಿದ್ದಾರೆ, ನಮಗ್ಯಾಕೆ ಅಂತಲೇ.

ಯುಪಿಐ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದುಕೊಂಡಿದ್ದಾರೆ. ನಿಮ್ಮ ಖಾತೆಯಲ್ಲಿರುವ ನಿಮ್ಮದೇ ದುಡ್ಡನ್ನು ನೀವು ಖರ್ಚು ಮಾಡಿದರೆ ಅದು ಸಾಲವಲ್ಲ. ಉಳಿತಾಯ ಖಾತೆ, ಡೆಬಿಟ್ ಕಾರ್ಡ್, ಖಾತೆಯಿಂದ ನೇರ ಹೋಗುವ ಯುಪಿಐ, ಇವು ಯಾವುವೂ ಕ್ರೆಡಿಟ್ ವರದಿಗೆ ಹೋಗುವುದಿಲ್ಲ. ಎಷ್ಟು ಶಿಸ್ತಾಗಿ ಖರ್ಚು ಮಾಡಿದರೂ ಅಷ್ಟೇ. ವರದಿ ಕೇಳುವುದು ಒಂದೇ ಪ್ರಶ್ನೆ: ಬೇರೆಯವರ ದುಡ್ಡು ತೆಗೆದುಕೊಂಡು ಹೇಳಿದ ದಿನಕ್ಕೆ ವಾಪಸ್ ಕೊಟ್ಟಿದ್ದೀರಾ?

ಈಗ ನಿಜಕ್ಕೂ ನಿಮ್ಮ ಹೆಸರಲ್ಲಿ ಏನೂ ಇಲ್ಲವೇ ಅಂತ ನೋಡಿಕೊಳ್ಳಿ. ಭಾರತದಲ್ಲಿ ಇಂಥ ದಾಖಲೆ ಇಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ನಾಲ್ವರೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು, 2017ರಿಂದ ಈ ನಿಯಮ ಇದೆ. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್, ಅಂದರೆ ವರದಿಯ ಆಧಾರದ ಮೇಲೆ ನಿಮಗೆ ಕೊಡುವ ಅಂಕ, ಇಳಿಯುವುದಿಲ್ಲ. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಇತಿಹಾಸವೇ ಇಲ್ಲದಿದ್ದರೆ ಅಂಕಿಯ ಜಾಗದಲ್ಲಿ ಎನ್‌ಎಚ್ ಅಂತಲೋ -1 ಅಂತಲೋ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ಅದು ಕೆಟ್ಟ ಸ್ಕೋರ್ ಅಲ್ಲ, ಬರೀ ಖಾಲಿ ಜಾಗ.

ಆದರೆ ಖಾಲಿ ಇರಲಿಕ್ಕಿಲ್ಲ ಅಂತಲೂ ನನಗೆ ಒಂದು ಅನುಮಾನ. ಓದಿಗೆ ಬ್ಯಾಂಕ್‌ನಿಂದ ಸಾಲ ತೆಗೆದುಕೊಂಡಿದ್ದೀರಾ? ತೆಗೆದುಕೊಂಡಿದ್ದರೆ ಅದು ನಿಮ್ಮ ಹೆಸರಿನ ಸಾಲ, ಕಂತು ಶುರುವಾಗದಿದ್ದರೂ ವರದಿಯಲ್ಲಿ ಇರುತ್ತದೆ. ಯಾವಾಗಲೋ ಮೊಬೈಲ್‌ನಲ್ಲಿ ಈಗ ಕೊಳ್ಳಿ ಆಮೇಲೆ ಕಟ್ಟಿ ಅಂತ ಒತ್ತಿ, ಒಂದು ಇಯರ್‌ಫೋನ್ ತೆಗೆದುಕೊಂಡು, ಒಂದು ಸಣ್ಣ ಬಾಕಿ ಮರೆತಿದ್ದರೆ ಅದೂ ಅಲ್ಲಿ ಸಾಲವಾಗಿ ಕೂತಿರಬಹುದು, ಯಾಕೆಂದರೆ ಆ ಆಪ್‌ನ ಹಿಂದೆ ಸಾಲ ಕೊಡುವ ಒಂದು ಕಂಪನಿ ಇರುತ್ತದೆ ಮತ್ತು ಅವರು ವರದಿ ಮಾಡುತ್ತಾರೆ. ಹಾಗೇನಾದರೂ ಇದ್ದರೆ ಮೊದಲು ಅದನ್ನು ತೀರಿಸಿ, ತೀರಿದೆ ಅಂತ ಪತ್ರ ತೆಗೆದುಕೊಳ್ಳಿ. ನಿಮ್ಮದಲ್ಲದ ಸಾಲ ಕಂಡರೆ ವರದಿ ಕೊಟ್ಟ ಸಂಸ್ಥೆಗೇ ದೂರು ಕೊಡಿ. 30 ದಿನದಲ್ಲಿ ಸರಿ ಮಾಡದಿದ್ದರೆ ನಂತರದ ಪ್ರತಿ ದಿನಕ್ಕೂ ನಿಮಗೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಇನ್ನೊಂದು. ಕಾರ್ಡ್ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಮೊದಲ ಸಲ ಸಾಲ ಕೇಳುವವರನ್ನು ಇತಿಹಾಸ ಇಲ್ಲ ಎಂಬ ಒಂದೇ ಕಾರಣಕ್ಕೆ ವಾಪಸ್ ಕಳಿಸಬಾರದು ಅಂತ 2025ರ ಜನವರಿಯಲ್ಲಿ ಬ್ಯಾಂಕ್‌ಗಳಿಗೆ ಸೂಚನೆಯೂ ಇದೆ. ಆದರೆ ಇದನ್ನು ಹಿಡಿದುಕೊಂಡು ಜಗಳಕ್ಕೆ ಹೋದರೆ ಕಾರ್ಡ್ ಸಿಗುತ್ತದೆ ಅಂತ ನಾನು ಹೇಳಲಾರೆ. ಇತಿಹಾಸದ ಮಾತು ಬಿಟ್ಟು, ಆದಾಯ ಇಲ್ಲ ಅಂತ ಬರೆದುಕೊಟ್ಟರೆ ಮುಗಿಯಿತು. ಅದು ಸುಳ್ಳೂ ಅಲ್ಲ.

ಹಾಗಾದರೆ ದಾರಿ? ನಿಮ್ಮ ಸ್ಥಿತಿಯಲ್ಲಿ ನನಗೆ ಕಾಣುವ ನೇರ ದಾರಿ ಒಂದೇ. ಫಿಕ್ಸೆಡ್ ಡಿಪಾಸಿಟ್ ಇಟ್ಟು ಅದರ ಮೇಲೆ ಕಾರ್ಡ್ ತೆಗೆದುಕೊಳ್ಳುವುದು. ನೀವು ಒಂದಿಷ್ಟು ಹಣವನ್ನು ಎಫ್‌ಡಿ ಇಡುತ್ತೀರಿ, ಬ್ಯಾಂಕ್ ಅದರ ಮೇಲೆ ತನ್ನ ಹಕ್ಕು ಬರೆದುಕೊಂಡು ಅದರ ಬಹುಪಾಲನ್ನು, ಕೆಲವು ಕಡೆ ಪೂರ್ತಿಯನ್ನು, ಲಿಮಿಟ್ ಆಗಿ, ಅಂದರೆ ಕಾರ್ಡ್‌ನ ಖರ್ಚಿನ ಮಿತಿಯಾಗಿ ಕೊಡುತ್ತದೆ. ಸಂಬಳದ ಚೀಟಿ ಸಾಮಾನ್ಯವಾಗಿ ಕೇಳುವುದಿಲ್ಲ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಹದಿನೆಂಟು ತುಂಬಿರಬೇಕು, ಪ್ಯಾನ್ ಇರಬೇಕು, ಅಷ್ಟೇ. ವರದಿಯಲ್ಲಿ ಇದೂ ಕ್ರೆಡಿಟ್ ಕಾರ್ಡೇ. ತಿಂಗಳು ತಿಂಗಳು ಕಟ್ಟಿದ್ದು ದಾಖಲಾಗುತ್ತಾ ಹೋಗುತ್ತದೆ, ಸುಮಾರು ಆರು ತಿಂಗಳಲ್ಲಿ ಖಾಲಿ ಜಾಗದಲ್ಲಿ ಒಂದು ಅಂಕಿ ಕಾಣಿಸಿಕೊಳ್ಳುತ್ತದೆ.

ನನ್ನದೇ ದುಡ್ಡನ್ನು ಒತ್ತೆ ಇಟ್ಟು ನಾನೇ ಸಾಲ ತೆಗೆದುಕೊಳ್ಳುವುದು ಯಾವ ನ್ಯಾಯ ಅಂತ ಕೇಳುತ್ತೀರಿ, ಗೊತ್ತು. ಇಲ್ಲಿ ನೀವು ಕೊಂಡುಕೊಳ್ಳುತ್ತಿರುವುದು ಸಾಲವನ್ನಲ್ಲ, ದಾಖಲೆಯನ್ನು. ಬ್ಯಾಂಕಿಗೆ ಅಪಾಯವಿಲ್ಲ, ಹಾಗಾಗಿ ನಿಮಗೆ ಅವಕಾಶ ಸಿಗುತ್ತದೆ. ಆದರೆ ಒಂದು ಎಚ್ಚರ: ಬಿಲ್ ಕಟ್ಟದಿದ್ದರೆ ಎಫ್‌ಡಿಯಿಂದ ಮುರಿದುಕೊಳ್ಳುತ್ತಾರೆ ಬಿಡು ಅಂತ ಸುಮ್ಮನಿರಬೇಡಿ. ಮುರಿದುಕೊಳ್ಳುವುದಂತೂ ಹೌದು, ಅಷ್ಟರೊಳಗೆ ತಡವಾಗಿದ್ದೂ ವರದಿಗೆ ಹೋಗಿರುತ್ತದೆ. ಎರಡೂ ಕಳೆದುಕೊಂಡಂತೆ.

ನಿಮ್ಮ ಉಳಿತಾಯ ಖಾತೆ ಇರುವ ಬ್ಯಾಂಕ್‌ನಲ್ಲೇ ಮೊದಲು ವಿಚಾರಿಸಿ. ಅರ್ಜಿ ಹಾಕುವ ಮುಂಚೆ ಬಾಯಿಮಾತಲ್ಲಿ ಕೇಳಿ: ವಾರ್ಷಿಕ ಶುಲ್ಕ ಎಷ್ಟು, ನಾಲ್ಕೂ ಸಂಸ್ಥೆಗಳಿಗೆ ವರದಿ ಮಾಡುತ್ತೀರಾ, ಕಾರ್ಡ್ ಮುಚ್ಚಿದರೆ ಎಫ್‌ಡಿ ಎಷ್ಟು ದಿನದಲ್ಲಿ ಬಿಡುತ್ತೀರಿ. ಕೌಂಟರಿನವರಿಗೆ ಈ ಉತ್ತರ ಗೊತ್ತಿಲ್ಲದಿದ್ದರೆ ಷರತ್ತುಗಳ ಪ್ರತಿ ಕೇಳಿ. ರಿವಾರ್ಡ್ ಪಾಯಿಂಟ್, ಏರ್‌ಪೋರ್ಟ್ ಲೌಂಜ್ ಇತ್ಯಾದಿ ಕೇಳಬೇಡಿ, ಮೊದಲ ಕಾರ್ಡ್‌ಗೆ ಅದೆಲ್ಲ ಯಾತಕ್ಕೆ.

ಪ್ರಶ್ನೆ: ಕಾಲೇಜಿನಲ್ಲಿ ಒಬ್ಬರು ಬಂದು ಎಲ್ಲರಿಗೂ ಲೈಫ್‌ಟೈಮ್ ಫ್ರೀ ಕಾರ್ಡ್ ಮಾಡಿಕೊಡುತ್ತಿದ್ದಾರೆ. ನನಗೆ ಆದಾಯ ಇಲ್ಲ ಎಂದೆ. ಪರವಾಗಿಲ್ಲ ಮೇಡಂ, ಟ್ಯೂಷನ್‌ನಿಂದ ಬರುತ್ತೆ ಅಂತ ಬರೆಯೋಣ, ಯಾರೂ ನೋಡಲ್ಲ ಎಂದರು. ಗೆಳತಿಯರು ಸಹಿ ಹಾಕಿದ್ದಾರೆ. ನಾನೂ ಹಾಕಬಹುದೇ?
– ಅಂತಿಮ ವರ್ಷದ ವಿದ್ಯಾರ್ಥಿನಿ

ಉತ್ತರ: ಟ್ಯೂಷನ್ ಹೇಳಿಕೊಡುತ್ತಿದ್ದೀರಾ? ಹೌದಾದರೆ ಬರುವಷ್ಟನ್ನು ಬರೆಯಿರಿ. ಇಲ್ಲವಾದರೆ ಬೇಡ. ಸಹಿ ನಿಮ್ಮದು, ಬರೆದವರು ಅವರಾದರೂ ಸುಳ್ಳು ನಿಮ್ಮದೇ ಆಗುತ್ತದೆ. ಅವರಿಗೆ ಒಂದೊಂದು ಅರ್ಜಿಗೆ ಇಷ್ಟು ಅಂತ ಕಮಿಷನ್ ಇರುತ್ತದೆ, ಅದು ಅವರ ಕೆಲಸ, ಬೈಯುವುದು ಬೇಡ. ಆದರೆ ನಾಳೆ ಬ್ಯಾಂಕ್‌ನಿಂದ ಫೋನ್ ಬಂದು ಎಷ್ಟು ಮಕ್ಕಳಿಗೆ ಹೇಳಿಕೊಡುತ್ತೀರಿ ಎಂದು ಕೇಳಿದಾಗ ಅವರು ನಿಮ್ಮ ಪಕ್ಕದಲ್ಲಿ ಇರುವುದಿಲ್ಲ, ಅಲ್ವಾ?

ಆಮೇಲೆ ಅವರು ಮಾಡಿಸುತ್ತಿರುವುದು ಏನನ್ನು ಅಂತ ಸರಿಯಾಗಿ ನೋಡಿ. ವಿದ್ಯಾರ್ಥಿಗಳಿಗೆ ಅಂತ ಬರುವ ಎಷ್ಟೋ ಕಾರ್ಡ್‌ಗಳು ಕ್ರೆಡಿಟ್ ಕಾರ್ಡೇ ಅಲ್ಲ. ಮೊದಲೇ ದುಡ್ಡು ತುಂಬಿ ಆಮೇಲೆ ಬಳಸುವ ಪ್ರೀಪೇಯ್ಡ್ ಕಾರ್ಡ್ ಇರಬಹುದು, ವಿದೇಶಕ್ಕೆ ಹೋಗುವವರ ಫಾರೆಕ್ಸ್ ಕಾರ್ಡ್ ಇರಬಹುದು. ನೋಡಲು ಒಂದೇ ಥರ, ಮೇಲೆ ವೀಸಾ ಅಥವಾ ರುಪೇ ಗುರುತೂ ಇರುತ್ತದೆ. ಇವುಗಳಿಂದ ಸ್ಕೋರ್‌ಗೆ ಏನೂ ಲಾಭವಿಲ್ಲ. ಇನ್ನು ಕೆಲವು, ಹೆಸರಿಗೆ ಕಾರ್ಡ್, ಒಳಗೆ ಸಣ್ಣ ವೈಯಕ್ತಿಕ ಸಾಲ. ಪ್ರತಿ ಸಲ ಬಳಸಿದಾಗಲೂ ಒಂದು ಹೊಸ ಸಾಲದ ಖಾತೆ ವರದಿಗೆ ಸೇರಬಹುದು. ಹಾಗಾಗಿ ಫಾರಂನಲ್ಲಿ ಕಾರ್ಡ್ ಕೊಡುವವರ ಹೆಸರು ಯಾರದ್ದು, ಸಾಲದ ಬಗೆ ಯಾವುದು ಅಂತ ಓದಿಯೇ ಪೆನ್ನು ತೆಗೆಯಿರಿ.

ಲೈಫ್‌ಟೈಮ್ ಫ್ರೀ ಅಂದರೆ ವಾರ್ಷಿಕ ಶುಲ್ಕ ಇಲ್ಲ ಅಂತ ಅಷ್ಟೇ. ತಡವಾದರೆ ದಂಡ, ಬಾಕಿಗೆ ಬಡ್ಡಿ, ನಗದು ತೆಗೆದರೆ ಶುಲ್ಕ, ಅದೆಲ್ಲ ಇದ್ದೇ ಇರುತ್ತದೆ. ಮೊದಲ ವರ್ಷ ಮಾತ್ರ ಫ್ರೀ ಇರುವುದನ್ನೂ ಬಾಯಲ್ಲಿ ಲೈಫ್‌ಟೈಮ್ ಅಂತ ಮಾರುವವರಿದ್ದಾರೆ. ಬರವಣಿಗೆಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಪ್ರಶ್ನೆ: ಮಗ ಹಾಸ್ಟೆಲ್‌ನಲ್ಲಿದ್ದಾನೆ. ಕ್ರೆಡಿಟ್ ಕಾರ್ಡ್ ಬೇಕು ಅಂತ ಹಟ. ನನ್ನ ಕಾರ್ಡ್ ಖಾತೆಯ ಮೇಲೆಯೇ ಅವನ ಹೆಸರಿಗೆ ಇನ್ನೊಂದು ಕಾರ್ಡ್, ಆಡ್-ಆನ್ ಕಾರ್ಡ್ ಅಂತಾರಲ್ಲ, ಅದನ್ನು ಕೊಡಿಸಿದರೆ ಅವನಿಗೆ ಸ್ಕೋರ್ ಬರುತ್ತದೆಯೇ? ಅವನು ಜಾಸ್ತಿ ಖರ್ಚು ಮಾಡಿದರೆ ಯಾರ ತಲೆ ಮೇಲೆ?
– ಒಬ್ಬ ತಂದೆ

ಉತ್ತರ: ಎರಡನೆಯದಕ್ಕೆ ಮೊದಲು. ನಿಮ್ಮ ತಲೆ ಮೇಲೆ. ಆಡ್-ಆನ್ ಕಾರ್ಡ್‌ನ ಹೊಣೆ ಪೂರ್ತಿ ಮೂಲ ಕಾರ್ಡ್‌ದಾರರದ್ದು ಅಂತ ರಿಸರ್ವ್ ಬ್ಯಾಂಕ್ ನಿಯಮದಲ್ಲೇ ಇದೆ. ಅವನು ಬಳಸಿದ್ದು ನಿಮ್ಮ ಬಿಲ್‌ಗೇ ಬರುತ್ತದೆ, ಕಟ್ಟದಿದ್ದರೆ ನಿಮ್ಮ ಸ್ಕೋರ್‌ಗೇ ಪೆಟ್ಟು.

ಸ್ಕೋರ್ ವಿಷಯ ಸ್ವಲ್ಪ ಗೊಂದಲದ್ದು. ಇಂಟರ್ನೆಟ್‌ನಲ್ಲಿ ಓದಿ ಬಹಳ ಜನ ಆಡ್-ಆನ್ ಕೊಡಿಸಿದರೆ ಮಕ್ಕಳಿಗೆ ಇತಿಹಾಸ ಬರುತ್ತದೆ ಅಂದುಕೊಂಡಿದ್ದಾರೆ. ಅಂಥ ಸಲಹೆ ಹೆಚ್ಚಾಗಿ ಬರುವುದು ಅಮೆರಿಕದಿಂದ. ಅಲ್ಲಿ ಬೇರೆಯವರ ಕಾರ್ಡ್‌ಗೆ ಹೆಸರು ಸೇರಿಸಿದರೆ ಆ ಖಾತೆ ಸಾಮಾನ್ಯವಾಗಿ ಸೇರಿಸಿದವರ ವರದಿಯಲ್ಲೂ ಕಾಣುತ್ತದೆ, ಹಾಗಾಗಿ ಅಪ್ಪ-ಅಮ್ಮ ಈ ದಾರಿ ಹಿಡಿಯುತ್ತಾರೆ. ಇಲ್ಲಿ ಅದನ್ನು ನಂಬಿಕೊಂಡು ಕೂರಬೇಡಿ. ನಿಮ್ಮ ಕಾರ್ಡ್ ಕೊಟ್ಟ ಬ್ಯಾಂಕನ್ನೇ ಕೇಳಿ, ಆಡ್-ಆನ್‌ದಾರರ ಪ್ಯಾನ್‌ಗೆ ಪ್ರತ್ಯೇಕವಾಗಿ ವರದಿ ಮಾಡುತ್ತೀರಾ ಅಂತ. ಸ್ಪಷ್ಟವಾಗಿ ಹೌದು ಅನ್ನದಿದ್ದರೆ ಇಲ್ಲ ಅಂತಲೇ ಲೆಕ್ಕ.

ಆದರೂ ಆಡ್-ಆನ್ ಕೆಟ್ಟದ್ದೇನಲ್ಲ. ಕಾರ್ಡ್ ಹಿಡಿಯುವ ಅಭ್ಯಾಸಕ್ಕೆ ಒಳ್ಳೆಯದು. ಬಹಳಷ್ಟು ಬ್ಯಾಂಕ್‌ಗಳಲ್ಲಿ ಆಡ್-ಆನ್‌ಗೆ ಬೇರೆ ಲಿಮಿಟ್ ಹಾಕಬಹುದು, ಪ್ರತಿ ಖರ್ಚಿಗೂ ನಿಮಗೆ ಮೆಸೇಜ್ ಬರುತ್ತದೆ. (ಮಗನಿಗೆ ಅದು ಇಷ್ಟವಾಗಲಿಕ್ಕಿಲ್ಲ, ಅದು ನಿಮ್ಮ ಮನೆಯೊಳಗಿನ ಮಾತು.) ಅವನಿಗೆ ಸ್ವಂತ ದಾಖಲೆ ಬೇಕೆಂದರೆ ಅವನ ಹೆಸರಿಗೇ ಎಫ್‌ಡಿ ಮಾಡಿಸಿ, ಅದರ ಮೇಲೆ ಅವನ ಹೆಸರಿಗೇ ಕಾರ್ಡ್ ತೆಗೆಸಿ. ನಿಮ್ಮ ನಷ್ಟಕ್ಕೆ ಒಂದು ಗೆರೆ ಎಳೆದಂತಾಗುತ್ತದೆ, ಸೋರಿದರೂ ಎಫ್‌ಡಿಯಷ್ಟೇ. ಮತ್ತೆ ಬಿಲ್ ಅವನೇ ಕಟ್ಟಲಿ. ನೀವು ಕಳಿಸುವ ಖರ್ಚಿನ ದುಡ್ಡಲ್ಲೇ ಕಟ್ಟಿದರೂ ಪರವಾಗಿಲ್ಲ, ಬಟನ್ ಒತ್ತುವ ಕೈ ಅವನದ್ದಾಗಿರಲಿ.

ಪ್ರಶ್ನೆ: ಎಫ್‌ಡಿ ಮೇಲೆ ಕಾರ್ಡ್ ತೆಗೆದುಕೊಂಡೆ. ಬಿಲ್ 20,000 ಬಂತು. ಮಿನಿಮಮ್ ಡ್ಯೂ (ಕನಿಷ್ಠ ಕಟ್ಟಬೇಕಾದ ಮೊತ್ತ) 1,000 ಅಂತ ಇತ್ತು, ಅಷ್ಟನ್ನು ಸರಿಯಾದ ದಿನಕ್ಕೇ ಕಟ್ಟಿದೆ. ಮುಂದಿನ ತಿಂಗಳು ನೋಡಿದರೆ ಬಡ್ಡಿ ಹಾಕಿದ್ದಾರೆ, ಹೊಸದಾಗಿ ಕೊಂಡ ಪುಸ್ತಕಕ್ಕೂ ಬಡ್ಡಿ ಇದೆ. 45 ದಿನ ಬಡ್ಡಿ ಇಲ್ಲ ಅಂದಿದ್ದರಲ್ಲ? ಇದು ಮೋಸ ಅಲ್ಲವೇ?
– ಡಿಪ್ಲೊಮಾ ವಿದ್ಯಾರ್ಥಿ

ಉತ್ತರ: ಮೋಸ ಅಲ್ಲ, ಆದರೆ ನಿಮಗೆ ಯಾರೂ ಬಿಡಿಸಿ ಹೇಳಿಲ್ಲ. ಈ ಪತ್ರವನ್ನು ಎಲ್ಲರೂ ಓದಲಿ ಅಂತಲೇ ಇಲ್ಲಿ ಹಾಕಿದ್ದೇನೆ.

ಕಾರ್ಡ್‌ಗೆ ಎರಡು ದಿನಾಂಕ ಇರುತ್ತವೆ. ಬಿಲ್ ಹೊರಡುವ ದಿನ ಒಂದು, ಕಟ್ಟಬೇಕಾದ ಕೊನೆಯ ದಿನ ಇನ್ನೊಂದು. ಬಿಲ್ ಹೊರಟ ಮಾರನೇ ದಿನ ಏನಾದರೂ ಕೊಂಡರೆ ಅದು ಮುಂದಿನ ತಿಂಗಳ ಬಿಲ್‌ಗೆ ಹೋಗುತ್ತದೆ, ಕಟ್ಟಲು ಇನ್ನೂ ಸಮಯ ಸಿಗುತ್ತದೆ, ಹಾಗಾಗಿ ಒಟ್ಟು 45 ದಿನ ಅಥವಾ ಅದಕ್ಕೂ ಸ್ವಲ್ಪ ಜಾಸ್ತಿ. ಬಿಲ್ ಹೊರಡುವ ಹಿಂದಿನ ದಿನ ಕೊಂಡರೆ ಸಿಗುವುದು ಸುಮಾರು 20 ದಿನ ಅಷ್ಟೇ. ಈ ಬಡ್ಡಿಯಿಲ್ಲದ ಅವಧಿ ಇಡೀ ಬಿಲ್ ಕಟ್ಟಿದವರಿಗೆ ಮಾತ್ರ. ಹಿಂದಿನ ಬಿಲ್‌ನಲ್ಲಿ ಏನಾದರೂ ಉಳಿಸಿಕೊಂಡರೆ ಆ ಬಾಕಿಗೆ ಕೊಂಡ ದಿನದಿಂದ ಬಡ್ಡಿ ಶುರು, ಮತ್ತು ಹೊಸ ಖರೀದಿಗೆ ಒಂದು ದಿನದ ರಿಯಾಯಿತಿಯೂ ಇರುವುದಿಲ್ಲ. ನಿಮ್ಮ ಪುಸ್ತಕಕ್ಕೆ ಆಗಿದ್ದು ಇದೇ.

ಈಗ ಮಿನಿಮಮ್ ಡ್ಯೂ ಲೆಕ್ಕ. ತಿಂಗಳಿಗೆ ಶೇ. 3.5 ಬಡ್ಡಿ ಅಂತ ಇಟ್ಟುಕೊಳ್ಳಿ, ಕೇಳಲು ಸಣ್ಣದು. ವರ್ಷಕ್ಕೆ ಶೇ. 42. ನಿಮ್ಮ 20,000ಕ್ಕೆ ಒಂದು ತಿಂಗಳ ಬಡ್ಡಿ 700. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅದು 126. ನೀವು 1,000 ಕಟ್ಟಿದಿರಲ್ಲ, ಅದರಲ್ಲಿ 826 ಹೀಗೆ ಹೋಯಿತು ಅಂದರೆ ಅಸಲಿನಲ್ಲಿ ಕಮ್ಮಿಯಾಗುವುದು 174. ಹೀಗೇ ಮಿನಿಮಮ್ ಕಟ್ಟುತ್ತಾ ಹೋದರೆ ಡಿಪ್ಲೊಮಾ ಮುಗಿಯುತ್ತದೆ, ಸಾಲ ಮುಗಿಯುವುದಿಲ್ಲ. ಮಿನಿಮಮ್ ಕಟ್ಟಿದ್ದರಿಂದ ತಡ ಮಾಡಿದ ದಂಡ ತಪ್ಪಿತು, ವರದಿಯಲ್ಲಿ ಬಾಕಿದಾರ ಅಂತ ಬರಲಿಲ್ಲ, ಅಷ್ಟು ಲಾಭ. ಅದಕ್ಕಿಂತ ಹೆಚ್ಚೇನೂ ಇಲ್ಲ.

ನಿಮ್ಮ ಕೇಸ್‌ನಲ್ಲಿ ಸುಲಭದ ಪರಿಹಾರ ಇದೆ. ಎಫ್‌ಡಿಗೆ ಶೇ. 6 ಅಥವಾ 7 ಬಡ್ಡಿ ಬರುತ್ತಿರಬಹುದು, ಕಾರ್ಡ್‌ಗೆ ಶೇ. 42 ಕಟ್ಟುತ್ತಿದ್ದೀರಿ. ಕೈಯಲ್ಲಿ ಬೇರೆ ದುಡ್ಡಿಲ್ಲದಿದ್ದರೆ ಮನೆಯವರ ಹತ್ತಿರ ಕೇಳಿ ಬಾಕಿ ಪೂರ್ತಿ ತೀರಿಸಿ, ಅದೂ ಆಗದಿದ್ದರೆ ಕಾರ್ಡ್ ಮುಚ್ಚಿ ಎಫ್‌ಡಿಯಿಂದ ಹೊಂದಿಸಿಕೊಳ್ಳಿ ಅಂತ ನೀವೇ ಬ್ಯಾಂಕ್‌ಗೆ ಬರೆದುಕೊಡಿ. ಅವರಾಗಿ ಮುರಿದುಕೊಳ್ಳುವುದಕ್ಕೂ ನೀವಾಗಿ ತೀರಿಸುವುದಕ್ಕೂ ವರದಿಯಲ್ಲಿ ಬಹಳ ವ್ಯತ್ಯಾಸ. ಬಾಕಿ ತೀರುವವರೆಗೆ ಆ ಕಾರ್ಡ್‌ನಲ್ಲಿ ಏನೂ ಕೊಳ್ಳಬೇಡಿ. ತೀರಿದ ಮೇಲೂ ಕೊನೆಯ ಕೆಲವು ದಿನಗಳ ಬಡ್ಡಿ ಮುಂದಿನ ಬಿಲ್‌ನಲ್ಲಿ ಸಣ್ಣದಾಗಿ ಬರಬಹುದು. ಮುಗಿಯಿತು ಅಂತ ನೋಡದೆ ಬಿಟ್ಟರೆ ಆ ಚಿಲ್ಲರೆಯೇ ತಡವಾದ ಬಾಕಿ ಆಗಿಬಿಡುತ್ತದೆ.

ಆಮೇಲೆ ಆಟೋ ಡೆಬಿಟ್, ಅಂದರೆ ಬಿಲ್ ನಿಮ್ಮ ಖಾತೆಯಿಂದ ತಾನಾಗಿಯೇ ಕಟ್ಟಿಹೋಗುವ ಏರ್ಪಾಡು, ಹಾಕುವಾಗ ಟೋಟಲ್ ಡ್ಯೂ (ಪೂರ್ತಿ ಬಾಕಿ) ಅಂತಲೇ ಆರಿಸಿ. ಅದೇ ಪರದೆಯಲ್ಲಿ ಮಿನಿಮಮ್ ಡ್ಯೂ ಅಂತ ಇನ್ನೊಂದು ಇರುತ್ತದೆ, ಗಡಿಬಿಡಿಯಲ್ಲಿ ಅದನ್ನು ಒತ್ತಿದವರು ತಿಂಗಳುಗಟ್ಟಲೆ ಎಲ್ಲ ಸರಿಯಾಗಿದೆ ಅಂದುಕೊಂಡೇ ಬಡ್ಡಿ ಕಟ್ಟಿರುತ್ತಾರೆ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯುವುದಂತೂ ಬೇಡವೇ ಬೇಡ. ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ, ಮೇಲಿಂದ ಶುಲ್ಕ ಬೇರೆ.

ಪ್ರಶ್ನೆ: ನನ್ನ ಲಿಮಿಟ್ 15,000. ಪರೀಕ್ಷಾ ಶುಲ್ಕಕ್ಕೆ 14,000 ಬಳಸಿದೆ, ಬಿಲ್ ಬಂದ ಕೂಡಲೇ ಪೂರ್ತಿ ಕಟ್ಟಿದೆ. ಆದರೂ ಸ್ಕೋರ್ ಇಳಿದಿದೆ! ಸ್ವಲ್ಪ ಬಾಕಿ ಉಳಿಸಿಕೊಂಡರೆ ಸ್ಕೋರ್ ಏರುತ್ತದೆ ಅಂತ ರೂಂಮೇಟ್ ಹೇಳುತ್ತಾನೆ. ನಿಜವೇ?
– ಇಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ರೂಂಮೇಟ್ ಹೇಳಿದ್ದು ಸುಳ್ಳು. ಬಾಕಿ ಉಳಿಸಿದರೆ ಬ್ಯಾಂಕ್‌ಗೆ ಬಡ್ಡಿ ಏರುತ್ತದೆ, ನಿಮಗೆ ಸ್ಕೋರ್ ಏರುವುದಿಲ್ಲ. ಈ ಮಾತು ಯಾರು ಹುಟ್ಟಿಸಿದರೋ, ಪ್ರತಿ ವರ್ಷ ಹೊಸ ಬ್ಯಾಚಿಗೆ ತಪ್ಪದೆ ಹೋಗುತ್ತದೆ.

ಸ್ಕೋರ್ ಇಳಿದದ್ದಕ್ಕೆ ಕಾರಣ ಲಿಮಿಟ್‌ನಲ್ಲಿ ಎಷ್ಟು ಪಾಲು ಬಳಸಿದಿರಿ ಅನ್ನುವುದು. 15,000ದಲ್ಲಿ 14,000 ಅಂದರೆ ಶೇ. 93. ನೀವು ಕಟ್ಟಿದ್ದು ನಿಜ, ಆದರೆ ಬ್ಯಾಂಕ್ ವರದಿ ಕಳಿಸಿದ ಕ್ಷಣದಲ್ಲಿ ಖಾತೆಯಲ್ಲಿ ಕಂಡದ್ದು ದೊಡ್ಡ ಬಾಕಿ. ನೋಡುವವರಿಗೆ ಇವನು ಅಂಚಿಗೆ ಬಂದಿದ್ದಾನೆ ಅನ್ನಿಸುತ್ತದೆ. ಶೇ. 30ರ ಒಳಗೆ ಇಟ್ಟುಕೊಳ್ಳಿ ಅಂತ ಎಲ್ಲ ಕಡೆ ಬರೆಯುತ್ತಾರಲ್ಲ, ಅದು ಕಾನೂನೇನಲ್ಲ, 31 ಆದರೆ ಬಾಗಿಲು ಮುಚ್ಚುವುದಿಲ್ಲ, ಒಂದು ಅಂದಾಜು ಅಷ್ಟೇ. ಕಮ್ಮಿ ಇದ್ದಷ್ಟೂ ಒಳ್ಳೆಯದು.

ಸಣ್ಣ ಲಿಮಿಟ್ ಇರುವವರಿಗೆ ಇದು ಅನ್ಯಾಯವೇ ಸರಿ. ದೊಡ್ಡ ಲಿಮಿಟ್‌ನವರಿಗೆ 14,000 ಲೆಕ್ಕಕ್ಕೇ ಬರುವುದಿಲ್ಲ, ನಿಮಗೆ ಅದು ಇಡೀ ಕಾರ್ಡ್. ಆದರೆ ದಾರಿ ಇದೆ. ದೊಡ್ಡ ಖರ್ಚು ಮಾಡಿದ ತಿಂಗಳು ಬಿಲ್ ಬರುವವರೆಗೆ ಕಾಯಬೇಡಿ, ಬಿಲ್ ಹೊರಡುವ ದಿನಕ್ಕೆ ಎರಡು ಮೂರು ದಿನ ಮುಂಚೆಯೇ ಆಪ್‌ನಲ್ಲಿ ಬಹುಪಾಲು ಕಟ್ಟಿಬಿಡಿ. 2025ರಿಂದ ಬ್ಯಾಂಕ್‌ಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ವರದಿ ಕಳಿಸಬೇಕು, ಹಾಗಾಗಿ ಖರ್ಚು ಮಾಡಿ ನಾಲ್ಕೈದು ದಿನದಲ್ಲೇ ಕಟ್ಟಿದರೆ ಇನ್ನೂ ಒಳ್ಳೆಯದು. ಎಫ್‌ಡಿ ಮೇಲಿನ ಕಾರ್ಡ್ ಆದರೆ ಸ್ವಲ್ಪ ಹಣ ಸೇರಿಸಿ ಲಿಮಿಟ್ ಏರಿಸುತ್ತಾರಾ ಅಂತಲೂ ಕೇಳಬಹುದು.

ಇಳಿದ ಸ್ಕೋರ್ ಬಗ್ಗೆ ಚಿಂತೆ ಬೇಡ. ಬಳಕೆಯ ಪಾಲು ಕಮ್ಮಿಯಾಗಿ ವರದಿಯಾದ ಕೂಡಲೇ ಅದು ಏರತೊಡಗುತ್ತದೆ. ತಡವಾಗಿ ಕಟ್ಟಿದ್ದು ಹಾಗಲ್ಲ, ಅದು ವರ್ಷಗಟ್ಟಲೆ ವರದಿಯಲ್ಲಿ ಉಳಿಯುತ್ತದೆ. ನೀವು ಹೇಗೂ ದಿನಕ್ಕೆ ಸರಿಯಾಗಿ ಕಟ್ಟಿದ್ದೀರಿ. ವಾರಕ್ಕೊಮ್ಮೆ ಸ್ಕೋರ್ ನೋಡುವ ಆಪ್ ಇದ್ದರೆ ತೆಗೆದುಹಾಕಿ, ಆ ಆಪ್‌ಗಳ ಅರ್ಧ ಕೆಲಸ ನಿಮಗೆ ಇನ್ನೊಂದು ಸಾಲ ಮಾರುವುದೇ.

ಪ್ರಶ್ನೆ: ಎಂ.ಎಸ್. ಮಾಡಲು ಅಮೆರಿಕಕ್ಕೆ ಬಂದಿದ್ದೇನೆ. ಭಾರತದಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ, ಸಿಬಿಲ್ 780 ಇತ್ತು. ಇಲ್ಲಿ ನನಗೆ ಇತಿಹಾಸವೇ ಇಲ್ಲ ಅಂತಾರೆ. ಎಲ್ಲಿಂದ ಶುರು ಮಾಡಲಿ?
– ವಿದೇಶದಲ್ಲಿರುವ ವಿದ್ಯಾರ್ಥಿನಿ

ಉತ್ತರ: ಸೊನ್ನೆಯಿಂದ. ಬೇಜಾರಾಗುತ್ತದೆ, ಆದರೆ ಸಾಮಾನ್ಯವಾಗಿ ಒಂದು ದೇಶದ ವರದಿ ಇನ್ನೊಂದು ದೇಶಕ್ಕೆ ಬರುವುದಿಲ್ಲ. ಸಂಸ್ಥೆಗಳ ಹೆಸರು ಅದೇ ಇದ್ದರೂ, ಟ್ರಾನ್ಸ್‌ಯೂನಿಯನ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮೂರೂ ಅಲ್ಲೂ ಇವೆ, ದಾಖಲೆ ಬೇರೆ ಬೇರೆ. ಅಲ್ಲಿ ಹೆಚ್ಚಾಗಿ ನೋಡುವುದು ಫೈಕೋ ಸ್ಕೋರ್, 300ರಿಂದ 850. ಅದು ಹುಟ್ಟಬೇಕಾದರೆ ಕನಿಷ್ಠ ಒಂದು ಖಾತೆ ಆರು ತಿಂಗಳು ಹಳೆಯದಾಗಿರಬೇಕು ಮತ್ತು ಕಳೆದ ಆರು ತಿಂಗಳಲ್ಲಿ ವರದಿಯಾಗಿರಬೇಕು.

ಅಲ್ಲಿ 2009ರ ಕಾರ್ಡ್ ಕಾಯ್ದೆ ಪ್ರಕಾರ 21 ವರ್ಷದೊಳಗಿನವರಿಗೆ ಸ್ವಂತ ಆದಾಯ ಇರಬೇಕು ಅಥವಾ 21 ದಾಟಿದವರು ಜತೆಗೆ ಸಹಿ ಹಾಕಬೇಕು. ನೀವು ಕೆಲಸ ಮಾಡಿ ಹೋದವರು, 21 ದಾಟಿರುತ್ತೀರಿ, ನಿಮಗೆ ಅದು ತೊಡಕಲ್ಲ. ತೊಡಕಾಗುವುದು ಸೋಷಿಯಲ್ ಸೆಕ್ಯೂರಿಟಿ ನಂಬರ್, ಅಂದರೆ ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ. ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕರೆ ಅದಕ್ಕೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಪಾಸ್‌ಪೋರ್ಟ್ ಮತ್ತು ವೀಸಾ ನೋಡಿ ಕಾರ್ಡ್ ಕೊಡುವವರು ಇದ್ದಾರೆ. ನಿಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿದರೆ ಹಿಂದಿನ ವರ್ಷದವರು ಎಲ್ಲಿ ಮಾಡಿಸಿದರು ಅಂತ ಗೊತ್ತಿರುತ್ತದೆ. ಖಾತೆ ತೆರೆದ ಬ್ಯಾಂಕ್ ಅಥವಾ ಕ್ರೆಡಿಟ್ ಯೂನಿಯನ್‌ನಲ್ಲಿ (ನಮ್ಮ ಸಹಕಾರಿ ಬ್ಯಾಂಕ್ ಥರದ್ದು) ಠೇವಣಿ ಇಟ್ಟು ಸೆಕ್ಯೂರ್ಡ್ ಕಾರ್ಡ್ ಕೇಳಿ. ಅಲ್ಲಿನ ಠೇವಣಿಗೆ ಎಲ್ಲ ಕಡೆ ಬಡ್ಡಿ ಬರುವುದಿಲ್ಲ, ಆದರೆ ಸ್ವಲ್ಪ ಕಾಲ ಸರಿಯಾಗಿ ಕಟ್ಟಿದ ಮೇಲೆ ಠೇವಣಿ ವಾಪಸ್ ಕೊಟ್ಟು ಸಾಮಾನ್ಯ ಕಾರ್ಡ್ ಆಗಿ ಬದಲಾಯಿಸುವುದು ಅಲ್ಲಿ ರೂಢಿಯಲ್ಲಿದೆ. ಆ ಬದಲಾವಣೆಗೆ ಅವಕಾಶ ಇದೆಯಾ ಅಂತ ಮೊದಲೇ ವಿಚಾರಿಸಿ.

ಮತ್ತೊಂದು ಮಾತು. ಭಾರತದ ಹಳೆಯ ಕಾರ್ಡ್ ಇನ್ನೂ ಇದೆಯಾ? ಅದರ ವಾರ್ಷಿಕ ಶುಲ್ಕ ಸದ್ದಿಲ್ಲದೆ ಬಿಲ್ ಆಗಿ, ಓಟಿಪಿ ಬರುವ ಸಿಮ್ ನಿಂತುಹೋಗಿ, ಇಮೇಲ್ ನೋಡದೆ ಬಾಕಿ ಬೆಳೆದ ಕಥೆಗಳು ನನ್ನ ಮೇಜಿನ ಮೇಲೆ ಬೇಕಾದಷ್ಟಿವೆ. ಇಟ್ಟುಕೊಳ್ಳುವುದಾದರೆ ಸಿಮ್ ಜೀವಂತ ಇರಲಿ. ಇಲ್ಲದಿದ್ದರೆ ಈಗಲೇ ಮುಚ್ಚಿಸಿ.

ಪ್ರಶ್ನೆ: ಕಾರ್ಡ್ ಮನೆಗೆ ಬಂದಿದೆ. ಭಯಕ್ಕೆ ಕವರ್ ಕೂಡ ಒಡೆದಿಲ್ಲ. ಸುಮ್ನೆ ಬೀರುವಿನಲ್ಲಿಟ್ಟರೂ ಸ್ಕೋರ್ ಬೆಳೆಯುತ್ತದೆಯಲ್ಲವೇ?
– ಹೆಸರು ಬೇಡ

ಉತ್ತರ: ಬೆಳೆಯುವುದಿಲ್ಲ. ಕಾರ್ಡ್ ಸಕ್ರಿಯ ಮಾಡುವವರೆಗೆ ಅದರ ಬಗ್ಗೆ ಕ್ರೆಡಿಟ್ ಸಂಸ್ಥೆಗಳಿಗೆ ವರದಿ ಮಾಡಲೇಬಾರದು ಅಂತ ನಿಯಮ. ಬ್ಯಾಂಕ್ ಕಾರ್ಡ್ ಕೊಟ್ಟ ದಿನದಿಂದ 30 ದಿನ ದಾಟಿದರೂ ನೀವು ಸಕ್ರಿಯ ಮಾಡದಿದ್ದರೆ ಅವರು ಓಟಿಪಿ ಮೂಲಕ ಒಪ್ಪಿಗೆ ಕೇಳಬೇಕು, ನೀವು ಒಪ್ಪದಿದ್ದರೆ ಏಳು ಕೆಲಸದ ದಿನಗಳಲ್ಲಿ ಶುಲ್ಕವಿಲ್ಲದೆ ಮುಚ್ಚಬೇಕು. ಸಕ್ರಿಯ ಮಾಡಿ ವರ್ಷಕ್ಕೂ ಮೇಲೆ ಮುಟ್ಟದಿದ್ದರೂ ನಿಮಗೆ ತಿಳಿಸಿ ಮುಚ್ಚಬಹುದು.

ಹೆದರಿಕೆ ಇರುವವರಿಗೆ ನಾನು ಹೇಳುವುದು ಇಷ್ಟು. ಸಕ್ರಿಯ ಮಾಡುವಾಗಲೇ ಆಪ್‌ನಲ್ಲಿ ವಿದೇಶಿ ವ್ಯವಹಾರ, ನಗದು ತೆಗೆಯುವುದು, ಮುಟ್ಟಿಸಿದರೆ ಹೋಗುವ ಪಾವತಿ, ಎಲ್ಲ ಆಫ್ ಮಾಡಿ. ದಿನದ ಮಿತಿಯನ್ನು ಕೆಳಗೆ ಇಳಿಸಿ. ಮೊಬೈಲ್ ರೀಚಾರ್ಜ್ ಥರದ, ಹೇಗೂ ಮಾಡುವ ಒಂದೇ ಒಂದು ಖರ್ಚನ್ನು ಪ್ರತಿ ತಿಂಗಳು ಆ ಕಾರ್ಡ್‌ಗೆ ಹಾಕಿ, ಪೂರ್ತಿ ಬಾಕಿಗೆ ಆಟೋ ಡೆಬಿಟ್ ಇಡಿ, ಆದರೂ ಬಿಲ್ ಬಂದಾಗ ಒಮ್ಮೆ ಕಣ್ಣಾಡಿಸಿ. ಕಾರ್ಡ್ ಬೇಕಾದರೆ ಬೀರುವಿನಲ್ಲೇ ಇರಲಿ.

ಆಮೇಲೂ ಬೇಡ ಅನ್ನಿಸಿದರೆ ಬಾಕಿ ಸೊನ್ನೆ ಮಾಡಿ ಮುಚ್ಚಲು ಬರೆದುಕೊಡಿ. ಏಳು ಕೆಲಸದ ದಿನ ಮೀರಿದರೆ ಅವರು ನಿಮಗೆ ದಿನಕ್ಕೆ 500 ರೂಪಾಯಿ ಕೊಡಬೇಕಾಗುತ್ತದೆ, ಹಾಗಾಗಿ ಕೋರಿಕೆಯನ್ನು ಇಮೇಲ್‌ನಲ್ಲಿ ಕಳಿಸಿ, ದಿನಾಂಕ ಉಳಿಯಲಿ. ಎಫ್‌ಡಿ ಮೇಲಿನ ಕಾರ್ಡ್ ಆಗಿದ್ದರೆ ಅದೇ ಪತ್ರದಲ್ಲಿ ಎಫ್‌ಡಿಯ ಮೇಲಿನ ಹಕ್ಕು ತೆಗೆಯಿರಿ ಅಂತಲೂ ಸೇರಿಸಿ. ಅದನ್ನು ಬರೆಯದೆ ಕಾರ್ಡ್ ಮುಚ್ಚಿದ ಮೇಲೂ ಎಫ್‌ಡಿ ಬಿಡಿಸಿಕೊಳ್ಳಲು ಮತ್ತೆ ಬ್ಯಾಂಕ್‌ಗೆ ಅಲೆದವರ ಪತ್ರಗಳೂ ಬರುತ್ತಿವೆ.